ಗುರುವಾರದ ಬ್ರೆಡ್ಡು

ಬಾಗಿಲು ತಟ್ಟಿದ್ದು ಮೆಕ್ಯಾನಿಕ್‌ನ ಹೆಂಡತಿ. ಒಳಗೆ ಬಾ ಎಂದರೂ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು, "ಭಾನುವಾರ ಸಂಜೆಯೊಳಗೆ ಮನೆ ಖಾಲಿ ಮಾಡ್ಬೇಕಂತೆ," ಎಂದಳು. "ಮೇಷ್ಟ್ರು ಹೇಳಿ ಕಳಿಸಿದ್ದಾರೆ. ದೊಡ್ಡಮ್ಮ ಸತ್ತಿದ್ದು ನನ್ನ ಗಂಡನ ಬೇಜವಾಬ್ದಾರಿಯಿಂದಲಂತೆ. ಗ್ಯಾರೇಜಿನಲ್ಲೂ ಮಾತು ಹಬ್ಬಿದೆ. ಇನ್ನು ಅವರ ಕೈಗೆ ಯಾರು ಗಾಡಿ ಕೊಡ್ತಾರೆ?"

ಸೊಸೆ ಆಗಷ್ಟೇ ಬೆಳಗಿನ ಪಾಳಿ ಮುಗಿಸಿ ಬಂದು, ಕಂಡಕ್ಟರ್ ಚೀಲವನ್ನು ಮೊಳೆಗೆ ನೇತುಹಾಕುತ್ತಿದ್ದಳು. ಕೋಪ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು. ದೊಡ್ಡಮ್ಮ ಹೋದ ಮೇಲಂತೂ ಅದು ಕೆಳಗಿಳಿದೇ ಇರಲಿಲ್ಲ. "ಸರಿಯಾಗೇ ಹೇಳಿದ್ದಾರೆ ಬಿಡು," ಎಂದಳು. "ನಿನ್ನ ಗಂಡ ಗಾಡಿ ಸರಿಯಾಗಿ ನೋಡ್ಕೊಂಡಿದ್ರೆ ಆ ಜೀವ ನನ್ನ ತೊಡೆ ಮೇಲೆ ಹೋಗ್ತಿರ್ಲಿಲ್ಲ."

ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ ಅತ್ತೆ ಕನ್ನಡಕ ತೆಗೆದರು. "ಬೈಯೋಕೆ ನಿನಗೆ ಇಡೀ ಆಯಸ್ಸಿದೆ," ಎಂದರು ಸೊಸೆಗೆ. ಆಮೇಲೆ ಆ ಹೆಣ್ಣಿನ ಕಡೆ ತಿರುಗಿ, "ನಿನ್ನ ಗಂಡ ಏನಂತಾನೆ?" ಎಂದು ಕೇಳಿದರು.

"ಒಂದೇ ಮಾತು ಅಮ್ಮ. ಅಜ್ಜಿನ ಯಾರೂ ಓಡಿಸಿಲ್ಲ ಅಂತಾರೆ. ಯಾರೂ ಕಿವಿಗೆ ಹಾಕ್ಕೊಳ್ತಿಲ್ಲ."

ಅಜ್ಜಿ ಎಂದರೆ ವಠಾರದ ಹಳೇ ಕಾರು. ನಾಲ್ಕು ಮನೆಗೆ ಸೇರಿ ಒಂದು ಅಂಗಳ, ಅಂಗಳದ ಮೂಲೆಗೆ ಒಂದು ಶೆಡ್ಡು, ಶೆಡ್ಡಿನಲ್ಲಿ ಅಜ್ಜಿ. ಊರಿನಿಂದ ಆಂಬುಲೆನ್ಸು ಏರುದಾರಿ ಹತ್ತಿ ಬರುವಷ್ಟರಲ್ಲಿ ರೋಗಿಯ ಅರ್ಧ ಪ್ರಾಣ ಹೋಗಿರುತ್ತದೆಂದು ನಾಲ್ಕು ಮನೆಯವರೂ ಸೇರಿ ಅದನ್ನು ಇಟ್ಟುಕೊಂಡಿದ್ದರು. ಹಳೇ ಗಾಡಿ ನಿಂತಲ್ಲೇ ನಿಂತರೆ ಸಮಯಕ್ಕೆ ಕೈ ಕೊಡುತ್ತದೆ, ವಾರಕ್ಕೊಮ್ಮೆ ಮೈಯೆಲ್ಲ ಬಿಸಿಯಾಗುವಷ್ಟು ಓಡಿಸಿ, ಉಳಿದದ್ದು ನನಗೆ ಬಿಡಿ ಎಂದು ಮೆಕ್ಯಾನಿಕ್ ಮೊದಲೇ ಹೇಳಿದ್ದ. ಹಾಗಾಗಿ ಅವನ ಮನೆಗೆ ಓಡಿಸುವ ಸರದಿ ಇರಲಿಲ್ಲ. ಅವನು ಎಣ್ಣೆ, ತಂತಿ, ನಟ್ಟು ಬೋಲ್ಟು ನೋಡಿಕೊಳ್ಳುತ್ತಿದ್ದ. ಮೇಷ್ಟ್ರ ಮನೆ, ಔಷಧದಂಗಡಿಯವನ ಮನೆ ಮತ್ತು ಅತ್ತೆಯ ಮನೆಗೆ ಗುರುವಾರ ಬೆಳಿಗ್ಗೆ ಸರದಿ.

ಸರದಿ ತಪ್ಪಿಸಬಾರದೆಂದು ಅತ್ತೆಯೇ ಒಂದು ಪದ್ಧತಿ ಹಾಕಿದ್ದರು. ಓಡಿಸಿದವರು ಗುಡ್ಡದಾಚೆಯ ಬೇಕರಿಯವರೆಗೂ ಹೋಗಿ ನಾಲ್ಕೂ ಮನೆಗೆ ಬ್ರೆಡ್ಡು ತರಬೇಕು. ಅಜ್ಜಿಯ ಹೀಟರಿನ ಬಿಸಿಗಾಳಿಯೆಲ್ಲ ಮುಂದಿನ ಸೀಟಿನ ಕಾಲಬುಡಕ್ಕೇ ಬೀಳುತ್ತಿದ್ದರಿಂದ, ಅಲ್ಲಿಟ್ಟ ಬ್ರೆಡ್ಡು ಒಲೆಯಿಂದ ಆಗಷ್ಟೇ ತೆಗೆದಂತೆ ಬಂದು ಹೊಸ್ತಿಲ ಮೇಲೆ ಕೂರುತ್ತಿತ್ತು. ಬಿಸಿ ಬ್ರೆಡ್ಡು ಬಂದಿತೆಂದರೆ ಅಜ್ಜಿ ಓಡಿದಳೆಂದೇ ಲೆಕ್ಕ.

ಇಷ್ಟೆಲ್ಲ ಇದ್ದೂ ಮೊನ್ನೆ ಸಂಜೆ ದೊಡ್ಡಮ್ಮ ಎದೆ ಹಿಡಿದುಕೊಂಡು ಕುಸಿದಾಗ ಅಜ್ಜಿ ಅಲ್ಲಾಡಲಿಲ್ಲ. ದೊಡ್ಡಮ್ಮ ಎಂದರೆ ಮೇಷ್ಟ್ರ ಹೆಂಡತಿ. ವಠಾರಕ್ಕೆಲ್ಲ ದೊಡ್ಡಮ್ಮ. ಸೊಸೆ ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮೆಕ್ಯಾನಿಕ್ ಕೀಲಿ ತಿರುಗಿಸಿದ. ಟಿಕ್ ಎಂದಿತು, ಅಷ್ಟೇ. ಎಲ್ಲರೂ ಸೇರಿ ತಳ್ಳಿದರು, ಚಕ್ರ ನೆಲಕ್ಕೆ ಬೇರು ಬಿಟ್ಟಂತೆ ನಿಂತಿತ್ತು. ಆಂಬುಲೆನ್ಸು ಬಂದು ರಸ್ತೆಯಲ್ಲಿ ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿಯೇ, ಎಲ್ಲರೆದುರು, ಮೇಷ್ಟ್ರು ಮೆಕ್ಯಾನಿಕ್‌ನ ಕಡೆ ಬೆರಳು ತೋರಿಸಿ, "ಇವನೇ ಕೊಂದ," ಎಂದಿದ್ದರು. ಮಾಲೀಕರ ಪರವಾಗಿ ವಠಾರ ನೋಡಿಕೊಳ್ಳುವವರೂ ಅವರೇ. ಅವರ ಮಾತೇ ಕೊನೆಯ ಮಾತು.

"ಬಾ," ಎಂದು ಸೊಸೆಗೆ ಹೇಳಿ ಅತ್ತೆ ಎದ್ದರು. ಅವರು ವಿಮಾ ಕಂಪನಿಯ ಪರಿಶೀಲಕಿಯಾಗಿದ್ದವರು. ಸುಟ್ಟ ಗೋದಾಮು, ಮುಳುಗಿದ ದೋಣಿ, ಜಜ್ಜಿದ ಲಾರಿಗಳ ಮುಂದೆ ನಿಂತು ನಿಜ ಯಾವುದು, ಬೊಗಳೆ ಯಾವುದು ಎಂದು ಹೇಳಿಯೇ ನಿವೃತ್ತಿಯಾಗಿದ್ದರು. ವಠಾರದಲ್ಲಿ ಏನು ಕಳೆದರೂ, ಯಾರು ಜಗಳವಾಡಿದರೂ ಜನ ಬರುತ್ತಿದ್ದುದು ಅವರ ಬಾಗಿಲಿಗೇ.

ಶೆಡ್ಡಿನಲ್ಲಿ ಅತ್ತೆ ಕಾರನ್ನು ಮುಟ್ಟಲೇ ಇಲ್ಲ. ಹಿಂದಿನ ಗೋಡೆಯ ಮುಂದೆ ನಿಂತರು. ಸುಣ್ಣ ಹೊಡೆದ ಗೋಡೆಯ ಮೇಲೆ, ಹೊಗೆ ಕೊಳವೆಯ ನೇರಕ್ಕೆ, ತಟ್ಟೆಯಗಲದ ಮಸಿ ಹಿಡಿದಿತ್ತು. ಅತ್ತೆ ಅದರ ಮೇಲೆ ಬೆರಳೆಳೆದು ಸೊಸೆಗೆ ತೋರಿಸಿದರು.

"ಕಾರು ಅಂದ್ಮೇಲೆ ಹೊಗೆ ಇರಲ್ವಾ?" ಎಂದಳು ಸೊಸೆ.

"ಇರುತ್ತೆ. ನೆನಪಿಟ್ಕೋ, ಅಷ್ಟೇ." ಅತ್ತೆ ಬಾಗಿ ಒಳಗೆ ನೋಡಿದರು. "ಆವತ್ತು ಹ್ಯಾಂಡ್‌ಬ್ರೇಕ್ ಎಳೆದಿತ್ತಾ?"

"ಎಳೆದಿತ್ತು. ಮೆಕ್ಯಾನಿಕ್ ಅದನ್ನ ಬಿಡಿಸೋಕೇ ಒದ್ದಾಡಿದ. ಬಿಟ್ಟ ಮೇಲೂ ಚಕ್ರ ತಿರುಗ್ಲಿಲ್ಲ."

ಅಲ್ಲಿಂದ ಅತ್ತೆ ನೇರವಾಗಿ ಗೇಟಿಗೆ ಹೋದರು. ವಠಾರದ ಗೇಟಿಗೆ ಎರಡು ಭಾಗ. ಜನ ಓಡಾಡುವುದು ಚಿಕ್ಕ ಬಾಗಿಲಲ್ಲಿ. ಕಾರಿಗೆ ಮಾತ್ರ ದೊಡ್ಡ ಬಾಗಿಲು. ಅತ್ತೆ ಅದರ ಅಗುಳಿ ಎಳೆದರು, ಬರಲಿಲ್ಲ. ಸೊಸೆ ಎರಡೂ ಕೈ ಹಾಕಿ, ಹಲ್ಲು ಕಚ್ಚಿ ಎಳೆದಳು. ಕಿರುಗುಟ್ಟಿ ಹೊರಬಂದ ಅಗುಳಿಯ ತುಕ್ಕೆಲ್ಲ ಅವಳ ಅಂಗೈಗೆ ಮೆತ್ತಿಕೊಂಡಿತು.

ಸೊಸೆ ತನ್ನ ಕೈಯನ್ನೇ ನೋಡುತ್ತಾ ನಿಂತಳು. "ಹಾಗಾದ್ರೆ ಮೆಕ್ಯಾನಿಕ್ ಹೇಳಿದ್ದು ನಿಜ," ಎಂದಳು ಕೊನೆಗೆ. "ಗಾಡಿ ಹೊರಗೇ ಹೋಗಿಲ್ಲ. ಆದ್ರೆ ಗುರುವಾರ ಗುರುವಾರ ಎಂಜಿನ್ ಶಬ್ದ ಕೇಳಿದೀನಿ ಅಂತ ನೀವೇ ಹೇಳ್ತಿದ್ರಲ್ಲ."

"ಶಬ್ದ ಕೇಳಿದೀನಿ. ಗೇಟು ಕೇಳಿದ ನೆನಪಿಲ್ಲ."

ಸೊಸೆಯ ಮೈ ಉರಿದುಹೋಯಿತು. ಆ ಬಡಪಾಯಿ ಹೆಣ್ಣಿಗೆ ತಾನು ಆಗ ಹೇಳಿದ್ದ ಮಾತು ನೆನಪಾಗಿ ಇನ್ನಷ್ಟು ಉರಿಯಿತು. ಆ ಉರಿಯಲ್ಲೇ ಅವಳು ಔಷಧದಂಗಡಿಯವನ ಬಾಗಿಲಿಗೆ ಹೋದಳು. ಶೆಡ್ಡು ಖಾಲಿ ಮಾಡಿಸಿದರೆ ಔಷಧದ ಪೆಟ್ಟಿಗೆ ಇಟ್ಟುಕೊಳ್ಳಬಹುದು, ಆ ಹಳೇ ಡಬ್ಬ ಗುಜರಿಗೆ ಹಾಕಿ ಎಂದು ವರ್ಷದಿಂದ ಗೊಣಗುತ್ತಿದ್ದವನು ಅವನೇ.

"ಏನ್ರೀ, ಶೆಡ್ಡಿನ ಆಸೆಗೆ ಒಂದು ಜೀವ ತೆಗೆದ್ರಾ?" ಎಂದು ಕೇಳಿಯೇ ಬಿಟ್ಟಳು.

ಅವನು ತಬ್ಬಿಬ್ಬಾದ. "ನಾಲಿಗೆ ಹಿಡಿದು ಮಾತಾಡಮ್ಮ. ನನ್ನ ಸರದಿ ನಾನು ಓಡಿಸಿದೀನಿ. ಬ್ರೆಡ್ಡು ತಿಂದಿಲ್ವಾ ನೀನು?"

"ತಿಂದೆ. ತಳ ಎಲ್ಲ ಸೀದು ಕಲ್ಲಾಗಿತ್ತು. ಎರಡು ತಿಂಗಳಿಂದ ಹಾಗೇ ಬರ್ತಿದೆ."

ಹಿಂದೆಯೇ ಬಂದಿದ್ದ ಅತ್ತೆ ಸೊಸೆಯ ತೋಳು ಹಿಡಿದರು. "ಬ್ರೆಡ್ಡು ಎಲ್ಲಿ ತಗೊಂಡ್ರಿ?" ಎಂದು ಅವನನ್ನು ಮೆತ್ತಗೆ ಕೇಳಿದರು.

"ಇನ್ನೆಲ್ಲಿ, ಬೇಕರಿಯಲ್ಲಿ. ಮುಂದಿನ ಗಾಜಿನ ಕೌಂಟರಿನಲ್ಲಿ."

ಮನೆಗೆ ಬಂದರೆ ಗಂಡ ಊಟಕ್ಕೆ ಕೂತಿದ್ದ. ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡವನು. ಜಗಳದ ವಾಸನೆ ಬಂದರೆ ಬೆಕ್ಕಿನ ಹಾಗೆ ಸರಿದುಹೋಗುವ ಸ್ವಭಾವ. ಅತ್ತೆ ಅವನನ್ನೂ ಅದನ್ನೇ ಕೇಳಿದರು. "ಮುಂದಿನ ಕೌಂಟರಿನಲ್ಲೇ ಅಮ್ಮ, ಯಾವಾಗ್ಲೂ ತಗೊಳ್ಳೋ ಹಾಗೆ," ಎಂದ ಅವನು, ತಟ್ಟೆಯಿಂದ ತಲೆಯೆತ್ತದೆ.

ಮೇಷ್ಟ್ರ ಮನೆಯಲ್ಲಿ ಕತ್ತಲು. ದೊಡ್ಡಮ್ಮ ಇದ್ದಾಗ ದಿನಾ ಬೆಳಿಗ್ಗೆ ಈ ಮನೆಯ ಜಗಲಿಯಿಂದ ಅವರು ಪೇಪರು ಓದುವ ಧ್ವನಿ ವಠಾರಕ್ಕೆಲ್ಲ ಕೇಳುತ್ತಿತ್ತು. ಈ ವಯಸ್ಸಿನಲ್ಲಿ ಹೆಂಡತಿ ಬಾಯಲ್ಲಿ ಸುದ್ದಿ ಕೇಳುವ ರಾಜಯೋಗ ಎಂದು ಎಲ್ಲರೂ ಮೇಷ್ಟ್ರನ್ನು ರೇಗಿಸುತ್ತಿದ್ದರು. ಈಗ ಮಡಿಕೆ ಬಿಚ್ಚದ ಪೇಪರುಗಳು ಬಾಗಿಲ ಬಳಿ ಬಿದ್ದಿದ್ದವು. ಅತ್ತೆ ತಾವೇ ಅಡುಗೆಮನೆಗೆ ಹೋಗಿ, ಬಹಳ ಹೊತ್ತು ಮಾಡಿ, ಚಹಾ ತಂದಿಟ್ಟರು. ಮೇಷ್ಟ್ರ ಕೈ ಮೇಜಿನ ಮೇಲೆ ತಡಕಾಡಿ ಲೋಟವನ್ನು ಹುಡುಕಿಕೊಂಡಿತು.

"ಆ ಮೆಕ್ಯಾನಿಕ್‌ನ ಪರ ಮಾತಾಡೋಕೆ ಬಂದಿದ್ರೆ ಬೇಡ," ಎಂದರು ಮೇಷ್ಟ್ರು. "ಅವನ ಮುಖ ನೋಡೋಕೂ ನಂಗೆ ಇಷ್ಟ ಇಲ್ಲ."

"ಅದಲ್ಲ. ಬೇಕರಿ ಬ್ರೆಡ್ಡಿನ ತಳ ಸೀದಿರುತ್ತೆ ಅಂತ ಸೊಸೆ ಗಲಾಟೆ. ಹೋಗಿ ಹೇಳೋಣ ಅಂತ."

"ಹೋದ್ರೆ ಹಿಂದಿನ ಓಣಿಗೆ ಹೋಗಿ. ಮುಂದೆ ಎಲ್ಲ ಒಡೆದು ಹಾಕಿದ್ದಾರೆ. ಕಿಟಕಿಯಲ್ಲಿ ಕೊಡ್ತಾರೆ."

ಮರುದಿನ ಇಬ್ಬರೂ ಗುಡ್ಡದಾಚೆಯ ಬಸ್ಸು ಹತ್ತಿದರು. ಸೊಸೆಯ ಕೆಲಸ ಊರಕಡೆಯ ಬಸ್ಸಿನಲ್ಲಿ. ಈ ಬಸ್ಸಿನ ಕಂಡಕ್ಟರ್ ಅವಳ ಗೆಳತಿ. ಅತ್ತೆ ಅವಳ ಕಿವಿಯಲ್ಲಿ ಏನೋ ಕೇಳಿದರು, ಅವಳು ಹೌದೆಂದು ತಲೆಯಾಡಿಸಿದಳು. ಬೇಕರಿಯ ಮುಂಭಾಗ ನಿಜಕ್ಕೂ ಹಾರೆ ಪಿಕಾಸಿಯವರ ಪಾಲಾಗಿತ್ತು. ಗಾಜಿನ ಕೌಂಟರು ತೆಗೆದು ಎರಡು ತಿಂಗಳಾಯಿತಂತೆ. ಹಿಂದಿನ ಕಿಟಕಿಯಲ್ಲಿ ಬ್ರೆಡ್ಡು ಕೊಂಡ ಅತ್ತೆ ಅದನ್ನು ತಿರುಗಿಸಿ ನೋಡಿದರು. ತಳ ಮಗುವಿನ ಕೆನ್ನೆಯ ಹಾಗೆ ನಯವಾಗಿತ್ತು.

"ಹಾಗಾದ್ರೆ ನಮ್ಮ ಬ್ರೆಡ್ಡು ಸೀದಿದ್ದು ಎಲ್ಲಿ?" ಎಂದು ಸಿಡುಕಿದಳು ಸೊಸೆ.

"ಈಗ ಸರಿಯಾದ ಕೋಪ ಬಂತು ನಿನಗೆ," ಎಂದರು ಅತ್ತೆ. "ಮೂವರೂ ಸುಳ್ಳು ಹೇಳಿದ್ದಾರೆ. ಆದ್ರೆ ಮೂವರದ್ದೂ ಒಂದೇ ಸುಳ್ಳಲ್ಲ. ಮನೇಲಿ ಕಳೆದ ಗುರುವಾರದ ಬ್ರೆಡ್ಡು ಉಳಿದಿದೆಯಾ?"

"ಡಬ್ಬದಲ್ಲಿ ಅರ್ಧ ಇದೆ. ಹಲ್ಲಿಗೆ ಬಗ್ಗಲಿಲ್ಲ ಅಂತ ಬಿಟ್ಟಿದ್ದೆ."

"ಜೋಪಾನ ಮಾಡು."

ಭಾನುವಾರ ಸಂಜೆ ಮೆಕ್ಯಾನಿಕ್‌ನ ಮನೆಯ ಸಾಮಾನು ಅಂಗಳಕ್ಕೆ ಬಂದಿತ್ತು. ಕಟ್ಟಿದ ಹಾಸಿಗೆಯ ಮೇಲೆ ಅವನ ಹೆಂಡತಿ ಕೂತಿದ್ದಳು. ಅವನು ಗೋಡೆಗೊರಗಿ ಯಾರನ್ನೂ ನೋಡದೆ ನಿಂತಿದ್ದ. ಅತ್ತೆ ಎಲ್ಲರನ್ನೂ ಶೆಡ್ಡಿನ ಮುಂದೆ ಕರೆಸಿದರು. ಮೇಷ್ಟ್ರಿಗೆ ಕುರ್ಚಿ ಹಾಕಿಸಿದರು. ಸೊಸೆ ಒಂದು ಚೀಲ ಹಿಡಿದು ಅತ್ತೆಯ ಪಕ್ಕದಲ್ಲಿದ್ದಳು. ಚೀಲದಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು.

"ದೊಡ್ಡ ಗೇಟಿನ ಅಗುಳಿ ತುಕ್ಕು ಹಿಡಿದು ಕೂತಿತ್ತು," ಎಂದು ಅತ್ತೆ ಶುರುಮಾಡಿದರು. "ಅಂದ್ರೆ ಅಜ್ಜಿ ಎಷ್ಟೋ ವಾರದಿಂದ ಈ ಅಂಗಳ ದಾಟಿಲ್ಲ. ಆದ್ರೆ ಗುರುವಾರ ಎಂಜಿನ್ ಶಬ್ದ ನಾನೇ ಕೇಳಿದೀನಿ. ಈ ಗೋಡೆ ನೋಡಿ. ಶೆಡ್ಡಿನಿಂದ ಹೊರಗೆ ಹೋಗೋ ಗಾಡಿ ಒಂದು ಜಾಗಕ್ಕೆ ಇಷ್ಟು ಮಸಿ ಬಳಿಯೋಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ನಿಂತಲ್ಲೇ ಎಂಜಿನ್ ತಿರುಗಿಸಿ, ಆರಿಸಿ ಹೋಗ್ತಿದ್ರು ಯಾರೋ. ವಠಾರದ ಕಿವಿಗೆ ಶಬ್ದ ಬಿದ್ರೆ ಸಾಕಿತ್ತು ಅವರಿಗೆ."

"ಹಾಗಾದ್ರೆ ಬ್ರೆಡ್ಡು?" ಎಂದ ಔಷಧದಂಗಡಿಯವನು.

"ಅದಕ್ಕೇ ಬಂದೆ. ಬೇಕರಿಯ ಮುಂದಿನ ಕೌಂಟರು ತೆಗೆದು ಎರಡು ತಿಂಗಳಾಯ್ತು. ಇಲ್ಲದ ಕೌಂಟರಿನಲ್ಲಿ ನೀವು ಹೇಗೆ ತಗೊಂಡ್ರಿ?" ಅತ್ತೆ ಹಾಗೆಯೇ ಪಕ್ಕಕ್ಕೆ ತಿರುಗಿದರು. "ನನ್ನ ಮಗನೂ ಅಲ್ಲೇ ತಗೊಂಡನಂತೆ."

ಸೊಸೆ ಗಂಡನ ಕಡೆ ನೋಡಿದಳು. ಅವನು ನೆಲದಲ್ಲಿ ಏನೋ ಬಿದ್ದಿದೆಯೆಂಬಂತೆ ಬಗ್ಗಿಕೊಂಡ.

"ಹೇಳು," ಎಂದಳು ಅವಳು.

"ಮೇಷ್ಟ್ರು ಅಂದ್ರು, ನಾನು ಹೇಗೂ ಬೇಗ ಏಳ್ತೀನಿ, ನಿನ್ನ ಸರದಿನೂ ನಾನೇ ಹೋಗ್ತೀನಿ ಅಂತ. ಕಳೆದ ಬೇಸಿಗೆಯಿಂದ. ನಾನು ಅಂಗಡಿಗೆ ಹೋಗಿ ಸ್ವಲ್ಪ ಮಲಗ್ತಿದ್ದೆ. ಒಬ್ಬ ನಾನು ಬಿಟ್ರೆ ಏನಾಗುತ್ತೆ ಅಂದ್ಕೊಂಡೆ."

"ನಂಗೂ ಹಾಗೇ ಅಂದ್ರು," ಎಂದ ಔಷಧದಂಗಡಿಯವನು, ಧ್ವನಿ ಇಳಿಸಿ. "ಬೆಳಿಗ್ಗೆ ಅಂಗಡಿ ಬೇಗ ತೆಗೀಬಹುದು ಅಂತ ಒಪ್ಪಿಕೊಂಡೆ."

"ಒಬ್ಬರು ಬಿಟ್ಟಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ," ಎಂದರು ಅತ್ತೆ. "ಮೂರು ಮನೆ ಸರದಿ ಒಬ್ಬರ ಮೇಲೆ. ಹಿಂದಿನ ಓಣಿಯ ಕಿಟಕಿ ಗೊತ್ತಿದ್ದಿದ್ದೂ ಅವರೊಬ್ಬರಿಗೇ. ಗೇಟು ತೆಗೆಯದೆ ಅವರು ಅಲ್ಲಿಗೆ ಹೋಗಿದ್ದು ಬಸ್ಸಿನಲ್ಲಿ. ಪ್ರತಿ ಗುರುವಾರ ಚೀಲ ತುಂಬ ಬ್ರೆಡ್ಡು ಹಿಡ್ಕೊಂಡು ವಾಪಸ್ ಬರ್ತಿದ್ರು ಅಂತ ಆ ಬಸ್ಸಿನ ಕಂಡಕ್ಟರ್ ಹೇಳಿದಳು. ಯಾಕೆ ಅನ್ನೋದನ್ನ ದೊಡ್ಡಮ್ಮ ದಿನಾ ನಮ್ಮೆಲ್ಲರ ಕಿವಿಗೆ ಓದಿ ಹೇಳ್ತಿದ್ರು, ನಾವು ಅದನ್ನ ಪ್ರೀತಿ ಅಂತ ತಮಾಷೆ ಮಾಡಿದ್ವಿ. ಮೇಷ್ಟ್ರೇ, ನಿಮಗೆ ಪೇಪರಿನ ಅಕ್ಷರ ಕಾಣಿಸದೆ ಎಷ್ಟು ದಿನವಾಯ್ತು?"

ಮೇಷ್ಟ್ರು ಅತ್ತೆಯ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದರು. ಆಮೇಲೆ, "ಚಳಿ ಶುರುವಾದಾಗಿನಿಂದ," ಎಂದರು. "ಒಂದು ಬೆಳಿಗ್ಗೆ ತಿರುವಿನಲ್ಲಿ ಏನೋ ಬಿಳೀ ಬಿಳೀ ಕಾಣಿಸ್ತು. ಬ್ರೇಕ್ ಹಾಕಿ ಇಳಿದು ನೋಡಿದ್ರೆ ಹಾಲಿನ ಕ್ಯಾನು ಹಿಡಿದ ಹುಡುಗಿ. ಒಂದು ಮೊಳ ದೂರ. ಅವತ್ತೇ ಕೊನೆ. ನಲವತ್ತು ವರ್ಷ ಮಕ್ಕಳಿಗೆ ಭೂಪಟ ತೋರಿಸಿದ ಕಣ್ಣು. ಹೇಗೆ ಹೇಳ್ಲಿ?" ಅವರು ಕುರ್ಚಿಯ ಕೈ ಹಿಡಿದುಕೊಂಡರು. "ಆದ್ರೆ ಗಾಡಿನ ನಾನು ಕಡೆಗಣಿಸಿಲ್ಲ. ಒಂದು ಗುರುವಾರನೂ ತಪ್ಪದೆ ಸ್ಟಾರ್ಟ್ ಮಾಡಿದೀನಿ. ಎಂಜಿನ್ ತಿರುಗಿದ್ರೆ ಆಯ್ತಲ್ಲ?"

"ಆಗಲ್ಲ," ಎಂದ ಮೆಕ್ಯಾನಿಕ್, ಗೋಡೆ ಬಿಟ್ಟು ಮುಂದೆ ಬಂದು. "ಸ್ಟಾರ್ಟ್ ಮಾಡೋಕೆ ಬ್ಯಾಟರಿ ಕೊಟ್ಟಿದ್ದು ನಿಂತಲ್ಲಿ ವಾಪಸ್ ತುಂಬೋಲ್ಲ. ವಾರಾ ವಾರಾ ಸ್ವಲ್ಪ ಸ್ವಲ್ಪ ಖಾಲಿ ಮಾಡಿದ್ರಿ. ಚಕ್ರ ತಿರುಗದಿದ್ರೆ ಬ್ರೇಕು ತುಕ್ಕು ಹಿಡಿದು ಅಂಟ್ಕೊಳ್ಳುತ್ತೆ. ಓಡಿಸಿ ಅಂತ ನಾನು ಬಾಯಿ ಬಡ್ಕೊಂಡಿದ್ದು ಅದಕ್ಕೇ. ಅವತ್ತು ಅಲ್ಲೇ ಹೇಳಿದೆ, ಇದನ್ನ ಓಡಿಸಿಲ್ಲ ಅಂತ. ನಿಮಗೆ ಗೊತ್ತಿತ್ತು ನಾನು ಹೇಳಿದ್ದು ನಿಜ ಅಂತ."

"ಅದೇ," ಎಂದರು ಅತ್ತೆ. ಅವರು ಧ್ವನಿ ಏರಿಸಲಿಲ್ಲ, ಆದರೆ ಸೊಸೆ ಅವರನ್ನು ಅಷ್ಟು ಸಿಟ್ಟಿನಲ್ಲಿ ಎಂದೂ ನೋಡಿರಲಿಲ್ಲ. "ಕಣ್ಣು ಮಂದ ಆಗಿದ್ದು ತಪ್ಪಲ್ಲ. ನಿಂತಲ್ಲಿ ತಿರುಗಿಸಿದ್ರೆ ಸಾಕು ಅಂದ್ಕೊಂಡಿದ್ದು ತಿಳೀದೆ ಮಾಡಿದ್ದು. ಆದ್ರೆ ಆ ಮಾತು ಕೇಳಿದ ಕ್ಷಣ ನಿಮಗೆ ಎಲ್ಲ ಗೊತ್ತಾಯ್ತು. ಗೊತ್ತಾದ ಮೇಲೂ ಹೆಂಡತಿಯ ಹೆಣದ ಪಕ್ಕ ನಿಂತು ಇವನ ತಲೆ ಮೇಲೆ ಗೂಬೆ ಕೂರಿಸಿದ್ರಿ. ಇವನ ಹಾಸಿಗೆ ಬೀದಿಗೆ ಹಾಕಿಸಿದ್ರಿ. ಅದನ್ನ ನಾನು ಮರೆಯೋಲ್ಲ."

ಮೇಷ್ಟ್ರ ತಲೆ ಬಗ್ಗಿತು. "ಅವಳಿಗೆ ಗೊತ್ತಿರಲಿಲ್ಲ," ಎಂದರು ಮೆಲ್ಲಗೆ. "ನಾನು ಗಾಡಿಯಲ್ಲೇ ಹೋಗಿ ಬರ್ತೀನಿ ಅಂದ್ಕೊಂಡೇ ಹೋದಳು. ಅದೊಂದೇ ಸಮಾಧಾನ."

ಸೊಸೆಗೆ ಇನ್ನು ತಡೆಯಲಾಗಲಿಲ್ಲ. ಅತ್ತೆ ದೊಡ್ಡಮ್ಮನ ಅಡುಗೆಮನೆಯಿಂದ ತಂದಿದ್ದ ಕಬ್ಬಿಣದ ಬಾಣಲೆಯನ್ನು ಚೀಲದಿಂದ ತೆಗೆದು ಮೇಷ್ಟ್ರ ತೊಡೆಯ ಮೇಲಿಟ್ಟಳು. ಅದರ ಅಂಚಿನಲ್ಲಿ ಕರಕಲಾದ ಬ್ರೆಡ್ಡಿನ ಪುಡಿ ಅಂಟಿತ್ತು. ಪಕ್ಕದಲ್ಲಿ ಡಬ್ಬದ ಅರ್ಧ ಬ್ರೆಡ್ಡನ್ನು ಮಗುಚಿಟ್ಟಳು. "ಮುಟ್ಟಿ ನೋಡಿ," ಎಂದಳು. "ಬಾಣಲೆ ತಳದಲ್ಲಿ ಉಂಗುರದ ಹಾಗೆ ಏಣು ಇದೆ. ಬ್ರೆಡ್ಡಿನ ಮೇಲೂ ಅದೇ ಉಂಗುರ ಇದೆ. ಬಸ್ಸಿನಲ್ಲಿ ಬಂದ ಬ್ರೆಡ್ಡು ತಣ್ಣಗಿರುತ್ತೆ. ನೀವು ಚೀಲ ಇಟ್ಟು ಕೈಕಾಲು ತೊಳೆಯೋಕೆ ಹೋದಾಗ ದೊಡ್ಡಮ್ಮ ಒಂದೊಂದನ್ನೇ ಬಿಸಿ ಮಾಡಿ, ಬಟ್ಟೆ ಸುತ್ತಿ, ನಮ್ಮ ಹೊಸ್ತಿಲಿಗೆ ಇಟ್ಟು ಹೋಗ್ತಿದ್ರು. ನಿಮ್ಮ ಮಾನ ಉಳಿಸೋಕೆ. ಅವರಿಗೆ ಎಲ್ಲ ಗೊತ್ತಿತ್ತು. ಗಾಡಿ ಓಡ್ತಿಲ್ಲ ಅಂತ ಗೊತ್ತಿದ್ದೇ ಆ ಹಿಂದಿನ ಸೀಟಿನಲ್ಲಿ ಮಲಗಿದ್ರು. ಒಂದು ಮಾತು ಆಡಲಿಲ್ಲ. ನನ್ನ ಕೈ ಹಿಡ್ಕೊಂಡು ಸುಮ್ಮನೆ ಇದ್ರು."

ಮೇಷ್ಟ್ರು ಬಾಣಲೆಯೊಳಗೆ ಕೈಯಾಡಿಸಿದರು. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ. ಸೊಸೆಯೂ ಅಳುತ್ತಿದ್ದಳು, ಆದರೆ ಅವಳ ಕೋಪ ಆ ಅಳುವಿನಲ್ಲಿ ಕರಗಲಿಲ್ಲ. ಗಂಡನ ಮೇಲೆ, ಔಷಧದಂಗಡಿಯವನ ಮೇಲೆ, ಮೇಷ್ಟ್ರ ಮೇಲೆ, ಬಾಯಿ ಬಿಡದೆ ಹೋದ ದೊಡ್ಡಮ್ಮನ ಮೇಲೂ ಅವಳಿಗೆ ಕೋಪವಿತ್ತು.

ಕೊನೆಗೆ ಮೇಷ್ಟ್ರು ಮೆಕ್ಯಾನಿಕ್ ಇದ್ದ ಕಡೆಗೆ ಅಂದಾಜಿನ ಮೇಲೆ ಕೈಮುಗಿದರು. "ಸಾಮಾನು ಒಳಗಿಡಪ್ಪ. ಗ್ಯಾರೇಜಿಗೆ ನಾನೇ ಬಂದು ನಿಜ ಹೇಳ್ತೀನಿ. ಕ್ಷಮಿಸು."

"ಬಂದು ಹೇಳಿ," ಎಂದ ಅವನು. "ಸಾಮಾನೂ ಒಳಗಿಡ್ತೀನಿ. ಅಜ್ಜಿನ ರಿಪೇರಿನೂ ಮಾಡ್ತೀನಿ, ಅವಳೇನೂ ತಪ್ಪು ಮಾಡಿಲ್ಲ. ಕ್ಷಮಿಸೋದು ಮಾತ್ರ ಈಗ ಕೇಳ್ಬೇಡಿ." ಸೊಸೆ ಹೋಗಿ ಅವನ ಹೆಂಡತಿಯ ಜೊತೆ ಹಾಸಿಗೆಯ ಒಂದು ತುದಿ ಹಿಡಿದಳು. ತಪ್ಪಾಯ್ತು ಎಂದಳು. ಆ ಹೆಣ್ಣು ಇನ್ನೊಂದು ತುದಿ ಎತ್ತಿದಳು.

ಬ್ರೇಕು ಬಿಡಿಸಿ, ಹೊಸ ಬ್ಯಾಟರಿ ಹಾಕಿದ ಮೇಲೆ ಬಂದ ಮೊದಲ ಗುರುವಾರ ಗಂಡ ಸ್ಟಿಯರಿಂಗ್ ಹಿಡಿದ. ಸೊಸೆ ರಜೆ ಹಾಕಿ ಪಕ್ಕದಲ್ಲಿ ಕೂತು, ಟಿಕೆಟ್ ಇಲ್ಲದ ಪ್ರಯಾಣಿಕನನ್ನು ನೋಡುವ ಹಾಗೆ ದಾರಿಯುದ್ದಕ್ಕೂ ಅವನನ್ನು ನೋಡಿದಳು. ಎಣ್ಣೆ ಹಾಕಿದ ದೊಡ್ಡ ಗೇಟು ಸದ್ದಿಲ್ಲದೆ ತೆರೆದುಕೊಂಡಿತು. ಬರುವಾಗ ಬ್ರೆಡ್ಡು ಅವಳ ಕಾಲಬುಡದಲ್ಲಿ ಹೀಟರಿನ ಮುಂದೆ ಇತ್ತು.

ನಾಲ್ಕನೆಯ ಬ್ರೆಡ್ಡು ಹಿಡಿದು ಅವಳು ಮೇಷ್ಟ್ರ ಬಾಗಿಲಿಗೆ ಹೋದಳು. ಹೊಸ್ತಿಲ ಮೇಲಿಟ್ಟು ಬಂದುಬಿಡುವ ಎಂದುಕೊಂಡಿದ್ದಳು. ಆದರೆ ಅವರು ಜಗಲಿಯಲ್ಲೇ ಕೂತಿದ್ದರು, ಎಂಜಿನ್ ಶಬ್ದ ಕೇಳಿಸಿಕೊಂಡು.

"ಬಿಸಿ ಇದೆ," ಎಂದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಮನಸ್ಸಿರಲಿಲ್ಲ.

ಮೇಷ್ಟ್ರು ಬ್ರೆಡ್ಡು ತೆಗೆದುಕೊಂಡು, ಬಟ್ಟೆ ಬಿಚ್ಚಿ, ಅದನ್ನು ಮಗುಚಿದರು. ಹೆಬ್ಬೆರಳಿನಿಂದ ತಳವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸವರಿದರು. ಉಂಗುರ ಸಿಗಲಿಲ್ಲ. ಮತ್ತೊಮ್ಮೆ ಸವರಿದರು.